ಗಾಳಿಯಲ್ಲಿ ಗಾಳ

ಆಷಾಢದಲ್ಲಿ ಗುತ್ತಲದ ಸೀಮೆಯಲ್ಲಿ ಬೀಸುವ ಗಾಳಿಗೆ ಯಾರ ಹಂಗೂ ಇಲ್ಲ. ಕಟ್ಟೆಯ ಮೇಲೆ ಕುಳಿತವರ ರುಮಾಲು ಬಿಚ್ಚುತ್ತದೆ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಓಣಿಯಾಚೆ ಒಯ್ಯುತ್ತದೆ. ಇಂಥ ದಿನಗಳಲ್ಲಿ ಚೌಡದಾನಪುರದ ಮುಕ್ತೇಶ್ವರ ಗುಡಿಯ ಬಳಿ ತುಂಗಭದ್ರೆಯ ದಂಡೆಯಲ್ಲಿ ಬಲೆ ಬೀಸುವವರನ್ನು ಗಮನಿಸಬೇಕು. ಬಲೆಗಾರ ಮೊದಲು ಗಾಳಿಗೆ ಬೆನ್ನು ಕೊಡುತ್ತಾನೆ. ಬಲೆಯನ್ನು ಎತ್ತರಕ್ಕೆ ಚಿಮ್ಮದೆ ಸೊಂಟದ ಮಟ್ಟದಲ್ಲಿ ತಿರುಗಿಸಿ ಬಿಡುತ್ತಾನೆ. ಎತ್ತರಕ್ಕೆ ಹೋದರೆ ಗಾಳಿ ಅದನ್ನು ಅರ್ಧಕ್ಕೇ ಮಡಚಿಹಾಕುತ್ತದೆ. ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ಬಲೆಯನ್ನೂ ಬೀಸುತ್ತಾರೆ. ಎರಡೂ ಒಮ್ಮೆಲೇ ಬೀಸಿದರೆ ಗೆಲ್ಲುವವರು ಯಾರೆಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಂದಿಗೆ ಬೆಸೆದುಕೊಂಡ ಊರು ಇದು.

ಈ ಗಾಳಿ ಹುಟ್ಟುವುದು ಇಲ್ಲಲ್ಲ, ಅರಬ್ಬೀ ಸಮುದ್ರದ ಮೇಲೆ. ಸಹ್ಯಾದ್ರಿಯನ್ನು ಏರುವಾಗ ಹೊತ್ತು ತಂದ ಮಳೆಯ ಬಹುಪಾಲನ್ನು ಅಲ್ಲೇ ಸುರಿದು, ಹಗುರಾಗಿ ಹಾವೇರಿಯ ಬಯಲಿಗೆ ಇಳಿಯುತ್ತದೆ. ಶಿರಸಿ ತಾಲ್ಲೂಕನ್ನೇ ನೋಡಿದರೆ ಬೆಟ್ಟದ ಈ ಹಂಚಿಕೆ ತಿಳಿಯುತ್ತದೆ. ಅಲ್ಲಿನ ಬನವಾಸಿಯನ್ನು ಬಳಸಿ ಬರುವ ವರದೆ ಪೂರ್ವಕ್ಕೆ ಹರಿದು, ಹಾವೇರಿ ಜಿಲ್ಲೆಯನ್ನು ದಾಟಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ತಿರುಗಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತಾಳೆ. ಗಾಳಿಗೂ ಮೀನಿಗೂ ಇರುವ ನಂಟನ್ನು ತಿಳಿಯಬೇಕಾದರೆ ಆ ಪಶ್ಚಿಮದ ದಾರಿಯಲ್ಲೇ ಹೋಗಬೇಕು.

ಹೊಳೆ ಕಡಲನ್ನು ಸೇರುವ ಬಾಗಿಲನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಅದರ ಒಳಗೆ ಮರಳದಿಬ್ಬದ ಮರೆಯಲ್ಲಿ ಹರಡಿಕೊಂಡಿರುವುದು ಹಿನ್ನೀರು. ಅಘನಾಶಿನಿ, ಗಂಗೊಳ್ಳಿಯ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಂದೇ ಬಾಗಿಲಿಂದ ಕಡಲಿಗೆ ಬೀಳುವ ಜಾಗ, ಇವೆಲ್ಲ ಇಂಥವೇ. ಉಬ್ಬರದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತದಲ್ಲಿ ಸಿಹಿನೀರನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ. ಸಿಗಡಿ, ಮರಿಮೀನು, ಅವುಗಳನ್ನು ತಿನ್ನುವ ದೊಡ್ಡ ಮೀನು ಎಲ್ಲವೂ ಈ ನೀರಿನೊಡನೆ ಬಂದು ಹೋಗಿ ಮಾಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಅಡ್ಡಿಯಿಲ್ಲವಾದರೂ ಗಾಳಿಯೇ ಅವುಗಳನ್ನು ತಡೆಯುತ್ತದೆ. ಆ ಎರಡು ತಿಂಗಳು ಅನೇಕ ಮನೆಗಳ ಒಲೆ ಉರಿಯುವುದು ಹಿನ್ನೀರಿನ ಬೀಸುಬಲೆ ಮತ್ತು ಗಾಳಗಳಿಂದ.

ಇಂಥ ನೀರಿನಲ್ಲೇ ಗಾಳದ ಇನ್ನೊಂದು ಬಗೆಯನ್ನು ವಿದೇಶಗಳಲ್ಲಿ ಬಹಳ ಜನ ಹವ್ಯಾಸವಾಗಿ ಬೆಳೆಸಿಕೊಂಡಿದ್ದಾರೆ. ಅದಕ್ಕೆ ಫ್ಲೈ ಫಿಶಿಂಗ್ ಎಂದು ಹೆಸರು. ಗಾಳಕ್ಕೆ ಎರೆಹುಳ, ಸಿಗಡಿ ಚುಚ್ಚುವುದಿಲ್ಲ. ಹಕ್ಕಿಯ ಗರಿ, ಕೂದಲು, ಬಣ್ಣದ ದಾರಗಳನ್ನು ಕೊಕ್ಕೆಗೆ ಸುತ್ತಿ ನೊಣದಂಥ ಒಂದು ಬೊಂಬೆ ಮಾಡುತ್ತಾರೆ. ಸಿಹಿನೀರಿನಲ್ಲಿ ಅದು ನೊಣವೇ. ಉಪ್ಪುನೀರಿನಲ್ಲಿ ಮಾತ್ರ ಹೆಸರಿಗೆ ನೊಣ; ರೂಪದಲ್ಲಿ ಅದೊಂದು ಸಣ್ಣ ಮೀನು ಅಥವಾ ಸಿಗಡಿ. ದೊಡ್ಡದಾದರೂ ಬ್ಯಾಡಗಿ ಮೆಣಸಿನಕಾಯಿಯಷ್ಟು ಉದ್ದ, ತೂಕ ಅದಕ್ಕಿಂತ ಹೆಚ್ಚೇನಲ್ಲ.

ತೊಡಕು ಇರುವುದು ಈ ತೂಕದಲ್ಲೇ. ಸಾಮಾನ್ಯ ಗಾಳಕ್ಕೆ ಸೀಸದ ಗುಂಡು ಕಟ್ಟಿರುತ್ತದೆ, ಎಸೆದರೆ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಗರಿಯ ಬೊಂಬೆಯನ್ನು ಹಾಗೆ ಎಸೆಯಲಾಗದು. ಗಾಳಿಗೆ ಎದುರಾಗಿ ಕಲ್ಲು ಎಸೆದರೆ ಹೋಗುತ್ತದೆ, ಹತ್ತಿಯ ಅರಳೆ ಎಸೆದರೆ ನಮ್ಮ ಮುಖಕ್ಕೇ ಬರುತ್ತದೆ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಹಿಂದೆ ಅದು ಎಣ್ಣೆ ಹಚ್ಚಿದ ರೇಷ್ಮೆ ದಾರ, ಈಗ ಪ್ಲಾಸ್ಟಿಕ್ ಲೇಪದ ದಪ್ಪ ದಾರ. ಸುಮಾರು 9 ಅಡಿಯ ಬಳುಕುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಝಾಡಿಸುತ್ತಾರೆ. ಎತ್ತಿನ ಬಂಡಿ ಹೊಡೆಯುವವರ ಬಾರುಕೋಲನ್ನು ನೆನೆದರೆ ಸಾಕು, ವಿಷಯ ಅರ್ಧ ತಿಳಿದಂತೆ. ಕೈಯಲ್ಲಿ ಹುಟ್ಟಿದ ಬೀಸು ಬಾರಿನುದ್ದಕ್ಕೂ ಓಡಿ ತುದಿಯಲ್ಲಿ ಬಿಚ್ಚಿಕೊಳ್ಳುವ ಹಾಗೆ, ದಾರದ ಮಡಿಕೆ ಮುಂದೆ ಉರುಳುತ್ತಾ ಹೋಗಿ ಬೊಂಬೆಯನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ.

ಗಾಳಿ ಏಳುವವರೆಗೆ ಇದೆಲ್ಲ ಚೆಂದ. ದಾರದ ಮಡಿಕೆ ಅಗಲವಾಗಿದ್ದರೆ ಹಾಯಿಯಂತೆ ಗಾಳಿ ತುಂಬಿಕೊಂಡು ಅಲ್ಲೇ ಕುಸಿಯುತ್ತದೆ. ಹಾಗಾಗಿ ಬಲ್ಲವರು ಮಡಿಕೆಯನ್ನು ಕಿರಿದಾಗಿಸುತ್ತಾರೆ, ದಾರದ ಉದ್ದ ಕಡಿಮೆ ಮಾಡುತ್ತಾರೆ, ಭಾರದ ದಾರ ಹಾಕುತ್ತಾರೆ. ಕೋಲನ್ನು ತಲೆಯ ಮೇಲೆತ್ತದೆ ಪಕ್ಕದಿಂದ ತಗ್ಗಿನಲ್ಲಿ ಬೀಸುತ್ತಾರೆ. ನೀರಿಗೆ ಹತ್ತಿರದಲ್ಲಿ ಗಾಳಿಯ ವೇಗ ಕಡಿಮೆ. ತುಂಗಭದ್ರೆಯ ದಂಡೆಯ ಬಲೆಗಾರ ಸೊಂಟದ ಮಟ್ಟಕ್ಕೆ ಇಳಿಯುವುದೂ ಇದೇ ಕಾರಣಕ್ಕೆ. ಬಲಗೈಯವರು ಗಾಳಿಯನ್ನು ಎಡಭುಜದ ಕಡೆಗೆ ಇಟ್ಟುಕೊಳ್ಳುವಂತೆ ದೋಣಿ ತಿರುಗಿಸಿಕೊಳ್ಳಬೇಕು. ಬಲಗಡೆಯಿಂದ ಗಾಳಿ ಬಂದರೆ ಕೊಕ್ಕೆ ಬಂದು ಕಿವಿಗೆ, ಕತ್ತಿಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಬೇಕೇಬೇಕು ಎನ್ನುವುದು ಷೋಕಿಗಾಗಿ ಅಲ್ಲ.

ಗಾಳಿಯಿಂದ ಲಾಭವೂ ಉಂಟು. ನೀರಿನ ಮೇಲ್ಮೈ ಕದಡಿದಾಗ ದೋಣಿಯ ನೆರಳು, ಕೋಲಿನ ಆಟ ಮೀನಿಗೆ ಕಾಣುವುದಿಲ್ಲ. ಗಾಳಿ ತಳ್ಳಿದ ದಡದಲ್ಲಿ ಸಣ್ಣಪುಟ್ಟ ಆಹಾರ ಗುಡ್ಡೆಯಾಗುತ್ತದೆ, ಅದರ ಹಿಂದೆ ಮರಿಮೀನು, ಅದರ ಹಿಂದೆ ದೊಡ್ಡ ಮೀನು. ಎಸೆಯಲು ಕಷ್ಟವಾದ ದಡದಲ್ಲೇ ಮೀನು ಇರುತ್ತದೆ ಎನ್ನುವುದು ಈ ಆಟದ ಹಳೆಯ ತಕರಾರು. ಆದರೆ ಮಳೆಗಾಲದ ಕೆನ್ನೀರಿನಲ್ಲಿ ಗರಿಯ ಬೊಂಬೆ ಕೆಲಸಕ್ಕೆ ಬಾರದು, ಏಕೆಂದರೆ ಕಣ್ಣಿಗೆ ಕಂಡರೆ ತಾನೇ ಮೀನು ಮೋಸ ಹೋಗುವುದು? ನೀರು ತಿಳಿಯಾಗುವುದು ಮಳೆ ಹಿಂದೆ ಸರಿದ ಮೇಲೆ. ಆಗಿನ ಗಾಳಿಗೆ ವೇಳಾಪಟ್ಟಿ ಇದೆ. ನಸುಕಿನಲ್ಲಿ ನೆಲದಿಂದ ಕಡಲಿಗೆ ಮಂದಗಾಳಿ; ಹೊತ್ತು ಏರಿ ನೆಲ ಕಾದ ಮೇಲೆ ಕಡಲಿಂದ ನೆಲಕ್ಕೆ ಜೋರುಗಾಳಿ; ಸಂಜೆಗೆ ಅದೂ ಇಳಿಯುತ್ತದೆ.

ಅಪಾಯ ಇರುವುದು ಅಳಿವೆಯ ಬಾಗಿಲಲ್ಲಿ. ಇಳಿತದ ನೀರು ಹೊರಗೆ ಓಡುತ್ತಿರುವಾಗ ಕಡಲಗಾಳಿ ಎದುರಿನಿಂದ ಬಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೊಂದು ಏಳುತ್ತವೆ. ಅಳಿವೆಯಲ್ಲಿ ದೋಣಿ ಮಗುಚಿತು ಎಂಬ ಮಳೆಗಾಲದ ಸುದ್ದಿಗಳ ಹಿಂದೆ ಅನೇಕ ಸಲ ಇರುವುದು ಗಾಳಿ ಮತ್ತು ಇಳಿತದ ಈ ಜಗಳವೇ. ನುರಿತವರು ಉಬ್ಬರಕ್ಕೆ ಕಾಯುತ್ತಾರೆ.

ಈ ಹವ್ಯಾಸ ಕನ್ನಡ ನಾಡಿಗೆ ಇಂದು ನಿನ್ನೆ ಬಂದದ್ದೆಂದು ತಿಳಿಯಬೇಕಿಲ್ಲ. ಮದರಾಸು ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ. ಗಾಳದ ಹುಚ್ಚು ವಿಪರೀತ. ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು, 1894ರಲ್ಲಿ ಕಿಟೆಲ್ ನಿಘಂಟನ್ನು ಹೊರತಂದ ಅದೇ ಮಿಷನ್. ಭಾರತದಲ್ಲಿ ಗಾಳ ಹಾಕುವ ಇಂಗ್ಲಿಷರಿಗೆಲ್ಲ ಅದು ಕೈಪಿಡಿಯಾಯಿತು. ಅವನ ಮುಖ್ಯ ಮೋಹ ಮಹಶೀರ್, ಅಂದರೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಭಕ್ತರ ಮಂಡಕ್ಕಿಗೆ ಬಾಯಿ ತೆರೆಯುವ ದೇವರ ಮೀನಿನ ಜಾತಿ.

ಸಾಹೇಬರ ಬೇಟೆಯ ಪುಸ್ತಕಗಳು ಸಾಮಾನ್ಯವಾಗಿ ಹೊಡೆದದ್ದರ ಲೆಕ್ಕದಲ್ಲೇ ಮುಗಿಯುತ್ತವೆ. ಥಾಮಸ್ ಅಲ್ಲಿಗೆ ನಿಲ್ಲಲಿಲ್ಲ. ಸಣ್ಣ ಕಣ್ಣಿನ ಬಲೆಗಳು ಮರಿಗಳನ್ನು ಬಳಿದೊಯ್ಯುವುದರ ವಿರುದ್ಧ, ಹೊಳೆಗೆ ವಿಷ ಹಾಕುವುದರ ವಿರುದ್ಧ ಸರ್ಕಾರಕ್ಕೆ ಬರೆದ. ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವಾಗಿಸಿದ ಭಾರತೀಯ ಮೀನುಗಾರಿಕಾ ಕಾಯಿದೆ ಬಂದದ್ದು 1897ರಲ್ಲಿ. ತನ್ನ ಆಟಕ್ಕೆ ಮೀನು ಉಳಿಯಲಿ ಎಂಬ ಸ್ವಾರ್ಥವೂ ಅವನಲ್ಲಿ ಇದ್ದಿರಬಹುದು. ಮೀನು ಹಿಡಿದೇ ಬದುಕುವವರ ಮೇಲೆ ದೂರು ಹೊರಿಸುವುದು ಕಲೆಕ್ಟರನಿಗೆ ಸುಲಭವೂ ಆಗಿತ್ತು.

ಅವನ ಆತಂಕ ಮಾತ್ರ ಸುಳ್ಳಲ್ಲ. ಅಳಿವೆಯ ಗಾಳಗಾರರು ಬಹುವಾಗಿ ಬಯಸುವ ಕುರುಡಿ ಮೀನನ್ನೇ ತೆಗೆದುಕೊಳ್ಳಬಹುದು. ಇಂಗ್ಲಿಷಿನವರು ಇದನ್ನು ಸೀಬಾಸ್ ಎನ್ನುತ್ತಾರೆ. ಸಿಹಿನೀರು, ಉಪ್ಪುನೀರು ಎರಡರಲ್ಲೂ ಬದುಕುವ ಇದು ಮೊಟ್ಟೆಯಿಡಲು ಅಳಿವೆಯ ಬಾಯಿಗೆ ಇಳಿಯುತ್ತದೆ, ಮರಿಗಳು ಹಿನ್ನೀರಿಗೆ ಏರುತ್ತವೆ. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ಮೇಲೆ ಹೆಣ್ಣಾಗಿ ಮಾರ್ಪಡುತ್ತದೆ. ಹಾಗಾಗಿ ಫೋಟೋ ತೆಗೆಸಿಕೊಳ್ಳುವಷ್ಟು ದೊಡ್ಡದಾದ ಕುರುಡಿ ಬಹುತೇಕ ಹೆಣ್ಣೇ. ಸಣ್ಣ ಕಣ್ಣಿನ ಬಲೆ ಮರಿಗಳನ್ನು ತೆಗೆದರೆ, ದೊಡ್ಡ ಮೀನಿನ ಆಸೆ ತಾಯಂದಿರನ್ನು ತೆಗೆಯುತ್ತದೆ. ಹವ್ಯಾಸಿಗಳಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆದಿರುವುದು ಒಳ್ಳೆಯದೇ. ಸಂಜೆಯ ಅಕ್ಕಿಗೆ ಮೀನು ಮಾರಬೇಕಾದವನಿಗೆ ಅದೇ ಮಾತು ಹೇಳುವಾಗ ಸ್ವಲ್ಪ ಸಂಕೋಚ ಇರಬೇಕು.

ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಗಜನಿಯ ಕಗ್ಗ ಭತ್ತ, ಚಿಪ್ಪಿ, ಸಿಗಡಿ, ಮೀನು ಎಲ್ಲವನ್ನೂ ಒಂದೇ ಉಬ್ಬರದ ನೀರು ಸಾಕುತ್ತಿರುವ ಜಾಗ ಅದು. ಇತ್ತ ಕಾರವಾರದಿಂದ ಕುಂದಾಪುರದವರೆಗೆ ಹಲವು ಹಿನ್ನೀರುಗಳಲ್ಲಿ ಮೀನುಗಾರ ಕುಟುಂಬಗಳು ಕುರುಡಿಯನ್ನು ಪಂಜರದಲ್ಲಿ ಸಾಕುತ್ತಿವೆ. ಮರಿ ಬರುವುದು ಮರಿ ಉತ್ಪಾದನಾ ಕೇಂದ್ರಗಳಿಂದ. ಮಳೆಗಾಲದ ಗಾಳಿ ಮತ್ತು ನೆರೆ ಪಂಜರವನ್ನು ಕಿತ್ತೊಯ್ಯಬಹುದೆಂಬ ಭಯಕ್ಕೆ ಅನೇಕರು ಮೇ ತಿಂಗಳೊಳಗೇ ಮೀನು ಎತ್ತಿ ಮಾರಿ, ಪಂಜರವನ್ನು ದಡಕ್ಕೆ ಎಳೆದಿಡುತ್ತಾರೆ. ಜೂನ್ ಬಂದ ಮೇಲೆ ಕೈಗೆ ಸಿಗುವುದು ಮತ್ತೆ ಅದೇ ಬೀಸುಬಲೆ.