ಮುಳುಗುವ ಮುನ್ನ ಒಂದು ಬೆಳಗು

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ಹಿನ್ನೀರಿನ ದಂಡೆಗೆ ಒಂದು ಪಾಳು ಚರ್ಚು ನಿಂತಿದೆ. ತಲೆಯ ಮೇಲೆ ಸೂರಿಲ್ಲ. ಕಿಟಕಿಗಳಿಗೆ ಬಾಗಿಲಿಲ್ಲ. ಕಮಾನುಗಳ ನಡುವೆ ಗಾಳಿಯದೇ ಓಡಾಟ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಈ ರೋಸರಿ ಚರ್ಚಿನ ಸುತ್ತ ಒಂದು ಕಾಲಕ್ಕೆ ಊರಿತ್ತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತಾಗ ಜನ ಗಂಟುಮೂಟೆ ಕಟ್ಟಿದರು. ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅದು ಅರ್ಧಕ್ಕೂ ಹೆಚ್ಚು ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮತ್ತೆ ಬುಡದವರೆಗೆ ಕಾಣುತ್ತದೆ.

ಹೀಗೆ ವರ್ಷ ವರ್ಷವೂ ನೆನೆದು ಒಣಗುವ ಗೋಡೆ ಎಷ್ಟು ದಿನ ನಿಂತೀತು? ಇಟ್ಟಿಗೆ ಸಡಿಲವಾಗುತ್ತದೆ, ಗಾರೆ ಕರಗುತ್ತದೆ. ಆದ್ದರಿಂದಲೇ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುವ ವಿದ್ಯಾರ್ಥಿ ಒಂದು ಮಾತು ನೆನಪಿಡಬೇಕು. ಅವನು ತೆಗೆಯುವುದು ಬರಿಯ ಚೆಂದದ ಚಿತ್ರವಲ್ಲ. ಅದೊಂದು ದಾಖಲೆ.

ಈ ಮಾತಿಗೆ ನಮ್ಮ ಹಂಪಿಯೇ ಸಾಕ್ಷಿ. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಪಾಳು ಗುಡಿಗಳ ಚಿತ್ರ ತೆಗೆದ. ಆಗ ಫಿಲಂ ರೋಲು ಇನ್ನೂ ಹುಟ್ಟಿರಲಿಲ್ಲ. ಮೇಣ ಹೀರಿಸಿದ ಕಾಗದವೇ ನೆಗೆಟಿವ್. ಅವನ ಚಿತ್ರದಲ್ಲಿ ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಹೋಗಿ ನೋಡಿದರೆ ಅದಿಲ್ಲ. ಇಂಥ ಹಳೆಯ ಚಿತ್ರಗಳು ಇಲ್ಲದಿದ್ದರೆ ರಥದ ಹಳೆಯ ರೂಪ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬುದು ತಾನಾಗಿ ತಿಳಿಯುತ್ತದೆ.

ಶೆಟ್ಟಿಹಳ್ಳಿಯಲ್ಲೂ ಇದನ್ನು ಮಾಡಬಹುದು. ದುಬಾರಿ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಫೋನೂ ಸಾಕು. ಬೇಕಾದದ್ದು ಬೆಳಗಿನ ಜಾವ ಏಳುವ ಮನಸ್ಸು.

ಅಷ್ಟು ಬೇಗ ಏಕೆ? ಸೂರ್ಯ ದಿಗಂತದ ಹತ್ತಿರವಿದ್ದಾಗ ಬೆಳಕು ಗಾಳಿಯ ಪದರದಲ್ಲಿ ಹೆಚ್ಚು ದೂರ ಸಾಗಿ ಬರಬೇಕು. ದಾರಿಯಲ್ಲಿ ನೀಲಿ ಬಣ್ಣ ಚದುರಿಹೋಗಿ, ಹಳದಿ ಕೆಂಪು ಉಳಿಯುತ್ತವೆ. ಇಟ್ಟಿಗೆಯ ಗೋಡೆ ಹೊನ್ನಿನಂತೆ ಕಾಣುವುದು ಇದರಿಂದ. ಎಳೆಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದರೆ ಪ್ರತಿಯೊಂದು ಇಟ್ಟಿಗೆಯ ಅಂಚಿಗೂ ಒಂದು ಪುಟ್ಟ ನೆರಳು. ಎಲ್ಲಿ ಗಾರೆ ಉದುರಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ಆ ನೆರಳೇ ಹೇಳುತ್ತದೆ. ಹೊತ್ತು ಏರಿದಂತೆ ಈ ವಿವರ ಚಪ್ಪಟೆಯಾಗುತ್ತದೆ. ಬೆಳಗಿನ ಗಾಳಿ ಸದ್ದಿಲ್ಲದಿದ್ದರೆ ನೀರಿನಲ್ಲಿ ಕಮಾನುಗಳ ಪ್ರತಿಬಿಂಬವೂ ಸಿಗುತ್ತದೆ.

ಮಾರ್ಚ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯೋದಯ ಸುಮಾರು 6.30ಕ್ಕೆ. ಆರಕ್ಕೆಲ್ಲ ಅಲ್ಲಿರಬೇಕು. ಮೊದಲ ಕಾಲು ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಕಟ್ಟಡಕ್ಕೆ ದೂರದಿಂದ ಒಂದು ಸುತ್ತು ಹಾಕಿ, ಬೆಳಕು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಮಂದ ಬೆಳಕಿನಲ್ಲಿ ಷಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಕ್ಯಾಮೆರಾವನ್ನು ಕಲ್ಲಿನ ಮೇಲೋ ಚೀಲದ ಮೇಲೋ ಇಟ್ಟು, ಎರಡು ಸೆಕೆಂಡಿನ ಟೈಮರ್ ಬಳಸಿ. ಆಕಾಶಕ್ಕೆ ಹೊಂದಿಸಿದರೆ ಗೋಡೆ ಕಪ್ಪಾಗುತ್ತದೆ, ಗೋಡೆಗೆ ಹೊಂದಿಸಿದರೆ ಆಕಾಶ ಬೆಳ್ಳಗಾಗುತ್ತದೆ. ದಾಖಲೆ ಬೇಕೆಂದರೆ ಗೋಡೆಯ ಪಕ್ಷ ವಹಿಸಿ. ಫೋನಿನಲ್ಲಾದರೆ ಪರದೆಯ ಮೇಲೆ ಗೋಡೆಯನ್ನು ಬೆರಳಿನಿಂದ ಮುಟ್ಟಿದರೆ ಆಯಿತು. ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ನೆಟ್ಟಗೆ ಹಿಡಿದು, ದೂರ ನಿಂತು ತೆಗೆಯುವುದು ಮೇಲು.

ಈಗ ತಂದೆ ತಾಯಂದಿರಿಗೆ ಎರಡು ಮಾತು. ಮಕ್ಕಳನ್ನು ಒಬ್ಬರನ್ನೇ ಕಳಿಸಬೇಡಿ, ‘ಬೇಡ’ ಎಂದು ತಡೆಯಲೂ ಬೇಡಿ. ಜೊತೆಗೆ ಹೋಗಿ. ಪಾಳು ಗೋಡೆಯ ಬುಡದಲ್ಲಿ ನಿಲ್ಲುವುದು, ಕಮಾನಿನ ಕೆಳಗೆ ಕೂರುವುದು, ಗೋಡೆ ಹತ್ತುವುದು ಸಲ್ಲದು. ನೆನೆದ ಇಟ್ಟಿಗೆ ಹೇಳಿ ಕೇಳಿ ಬೀಳುವುದಿಲ್ಲ. ಹಿನ್ನೀರಿನ ಅಂಚಿನ ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ಹೂಳಿರುತ್ತದೆ. ಕಾಲು ಸಿಕ್ಕಿಕೊಂಡೀತು. ಕಲ್ಲುರಾಶಿಯಲ್ಲಿ ಹಾವು ಚೇಳು ಇರಬಹುದು. ಆದ್ದರಿಂದ ಬೂಟು ಮತ್ತು ಟಾರ್ಚು ಬೇಕು. ಕಣ್ಣು ಕ್ಯಾಮೆರಾದಲ್ಲಿ ಇಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡುವುದು ಎಲ್ಲಕ್ಕಿಂತ ಅಪಾಯ. ಎಲ್ಲಿಯಾದರೂ ಪ್ರವೇಶ ನಿಷೇಧದ ಫಲಕವಿದ್ದರೆ ಅಲ್ಲಿಗೇ ನಿಂತುಬಿಡಿ. ಇದು ಜನ ಕೈಮುಗಿದ ಜಾಗ ಎಂಬುದೂ ನೆನಪಿರಲಿ. ಗೋಡೆಯ ಮೇಲೆ ಹೆಸರು ಕೆತ್ತುವುದರಲ್ಲಿ, ಇಟ್ಟಿಗೆಯನ್ನು ನೆನಪಿಗೆಂದು ಒಯ್ಯುವುದರಲ್ಲಿ ಯಾವ ಜಾಣತನವೂ ಇಲ್ಲ.

ಚಿತ್ರ ತೆಗೆದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ, ನೀರು ಎಲ್ಲಿಯವರೆಗಿತ್ತು ಎಂದು ಬರೆದಿಡಿ. ಮುಂದಿನ ವರ್ಷ ಅದೇ ಜಾಗ ಸಿಗಬೇಕಾದರೆ ಗುರುತು ಬೇಕು. ಹತ್ತಿರದ ಕಮಾನಿನ ಅಂಚು ಹಿಂದಿನ ಯಾವ ಕಿಟಕಿಗೆ ತಾಗಿದಂತೆ ಕಾಣುತ್ತದೆ ಎಂಬುದನ್ನು ಗಮನಿಸಿದರೆ ಆಯಿತು. ಆ ಎರಡೂ ಮತ್ತೆ ಹಾಗೆಯೇ ತಾಗಿದಾಗ ಆ ಸಾಲಿನಲ್ಲೇ ನಿಂತಿದ್ದೀರಿ ಎಂದರ್ಥ. ಬಣ್ಣ ಬದಲಿಸದ ಮೂಲ ಚಿತ್ರವನ್ನು ಎರಡು ಕಡೆ ಉಳಿಸಿಡಿ. ಒಂದು ಪ್ರತಿಯನ್ನು ಮುದ್ರಿಸಿ, ಬೆನ್ನ ಮೇಲೆ ವಿವರ ಬರೆಯಿರಿ. ಫೋನು ಕೆಟ್ಟರೂ ಕಾಗದ ಉಳಿಯುತ್ತದೆ.

ಇನ್ನೂ ಒಂದು ಕೆಲಸವಿದೆ. ಆ ಚಿತ್ರವನ್ನು ಸುತ್ತಮುತ್ತಲ ಊರುಗಳ ಹಿರಿಯರಿಗೆ ತೋರಿಸಿ. ‘ಅಜ್ಜ, ಇಲ್ಲಿ ಏನಿತ್ತು?’ ಎಂದು ಕೇಳಿ. ನೀರು ಬರುವ ಮುಂಚಿನ ಬೀದಿ, ಹೊಲ, ಬಾವಿ ಯಾವ ಕ್ಯಾಮೆರಾಕ್ಕೂ ಇಂದು ಸಿಗುವುದಿಲ್ಲ. ಅವು ಉಳಿದಿರುವುದು ಈ ಹಿರಿಯರ ನೆನಪಿನಲ್ಲಿ ಮಾತ್ರ, ಮತ್ತು ಆ ನೆನಪಿಗೂ ವಯಸ್ಸಾಗುತ್ತಿದೆ. ಅವರು ಹೇಳಿದ್ದನ್ನು ಚಿತ್ರದ ಜೊತೆಗೇ ಬರೆದಿಡಿ.

ನಿಮ್ಮೂರಿಗೆ ಶೆಟ್ಟಿಹಳ್ಳಿ ದೂರವಾದರೆ ಚಿಂತೆಯಿಲ್ಲ. ಬಾಗಿಲು ಮುಚ್ಚಿದ ಹಳೆಯ ಶಾಲೆಯೋ, ಪಾಳು ಬಿದ್ದ ಛತ್ರವೋ ಹತ್ತಿರದಲ್ಲೇ ಇದ್ದೀತು. ಸಂಬಂಧಪಟ್ಟವರ ಅನುಮತಿ ಕೇಳಿ, ಒಂದು ಭಾನುವಾರ ಅಲಾರಾಂ ಐದಕ್ಕೆ ಇಟ್ಟುಕೊಳ್ಳಿ. ಅಪ್ಪನನ್ನೋ ಅಮ್ಮನನ್ನೋ ಎಬ್ಬಿಸುವುದನ್ನು ಮರೆಯಬೇಡಿ!