ಒಂದೇ ನಮೂನೆಯ ದಾಳಿಗೆ ಉತ್ತರವೇನು? – ವೀಡಿಯೊ ಫುಟ್‌ಬಾಲಿನ ರಕ್ಷಣಾಕ್ರಮ

ಈ ವರ್ಷದ ಸ್ನೇಹಸಮ್ಮೇಳನದ ಅಂಗವಾಗಿ ವಿದ್ಯಾರ್ಥಿಗಳು ಏರ್ಪಡಿಸಿದ್ದ ವೀಡಿಯೊ ಫುಟ್‌ಬಾಲ್ ಸ್ಪರ್ಧೆಯ ತರುವಾಯ ನಮ್ಮ ವಿಭಾಗದ ಇಬ್ಬರು ಗೆಳೆಯರು ಪರಸ್ಪರ ಮಾತು ಬಿಟ್ಟರು. ಸೋತವನು ನನ್ನಲ್ಲಿಗೆ ಬಂದು, “ಸರ್, ಅವಾ ಐದು ಗೋಲ್ ಹೊಡದಾನ್ರಿ, ಐದೂ ಒಂದಽ ನಮೂನಿ. ಮುಂದಿನ ವರ್ಷ ಹಂಗ ಆಡಬಾರದು ಅಂತ ನಿಯಮಾ ಮಾಡ್ರಿ” ಎಂದನು. ಗೆದ್ದವನನ್ನು ಕರೆದು ಕೇಳಿದೆನು. “ಅವಗ ತಡಿಲಿಕ್ಕ ಬರಂಗಿಲ್ಲಂದ್ರ ನಾ ಯಾಕ ಬ್ಯಾರೆ ಹೊಡಿಲ್ರಿ ಸರ್?” ಎಂಬುದು ಅವನ ಉತ್ತರ. ತೀರ್ಪು ಹೇಳುವ ಮೊದಲು ಆಟವನ್ನು ತಿಳಿಯಬೇಕೆಂದು ಕೆಲವು ಸಂಜೆ ಅವರ ಪಕ್ಕದಲ್ಲಿ ಕುಳಿತು ನೋಡಿದೆನು; ಆಡಿಯೂ ಸೋತೆನು. ಆಗ ತಿಳಿದುದನ್ನು ಇಲ್ಲಿ ವಿವರಿಸಿದ್ದೇನೆ.

1993ರಲ್ಲಿ ‘ಫಿಫಾ’ ಎಂಬ ಹೆಸರಿನಿಂದ ಆರಂಭವಾದ ಇಎ ಸ್ಪೋರ್ಟ್ಸ್ ಸಂಸ್ಥೆಯ ಈ ಆಟದ ಸರಣಿಯು 2023ರಿಂದ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂಬ ಹೆಸರಿನಲ್ಲಿ ಬರುತ್ತಿದೆ. ಪ್ರತಿಯೊಂದು ಆವೃತ್ತಿಯಲ್ಲಿಯೂ ಅಲ್ಪ ಶ್ರಮಕ್ಕೆ ಅಧಿಕ ಫಲ ಕೊಡುವ ಒಂದೆರಡು ದಾಳಿಗಳನ್ನು ಆಟಗಾರರು ಬೇಗನೆ ಕಂಡುಹಿಡಿಯುತ್ತಾರೆ. ಬಳಿಕ ಎಲ್ಲರೂ ಅದನ್ನೇ ಆಡತೊಡಗುತ್ತಾರೆ. ಇದು ಮೋಸವೇ?

ನಿಜವಾದ ಫುಟ್‌ಬಾಲಿನ ಇತಿಹಾಸದಲ್ಲಿ ಇದಕ್ಕೆ ಸಮೀಪದ ಪ್ರಸಂಗವೊಂದಿದೆ. 1925ರವರೆಗೆ, ಚೆಂಡನ್ನು ಪಡೆಯುವ ದಾಳಿಗಾರನು ಆಫ್‌ಸೈಡ್ ಆಗದಿರಬೇಕಾದರೆ ಅವನಿಗೂ ಗೋಲಿನ ಗೆರೆಗೂ ನಡುವೆ ಮೂವರು ಎದುರಾಳಿಗಳು ಇರಬೇಕಾಗಿತ್ತು. ರಕ್ಷಕರು ಈ ನಿಯಮವನ್ನೇ ಬಲೆಯಾಗಿಸಿಕೊಂಡುದರಿಂದ ಆಟ ಜಡವಾಯಿತು. ಆ ವರ್ಷ ಮೂವರ ಬದಲು ಇಬ್ಬರು ಸಾಕೆಂದು ನಿಯಮ ಬದಲಾಯಿತು. ಇಂಗ್ಲೆಂಡಿನ ಪ್ರಥಮ ದರ್ಜೆಯಲ್ಲಿ 1924–25ರಲ್ಲಿ 1,192 ಇದ್ದ ಗೋಲುಗಳು ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 1,703ಕ್ಕೆ ಏರಿದವು. 1925ರ ಅಕ್ಟೋಬರಿನಲ್ಲಿ ಆರ್ಸೆನಲ್ ತಂಡವು ನ್ಯೂಕಾಸಲ್ ಎದುರು 7–0 ಅಂತರದಿಂದ ಸೋತಿತು. ಆಗ ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್ ಮಧ್ಯಮೈದಾನದ ನಡುವಿನ ಆಟಗಾರನನ್ನು ಹಿಂದಕ್ಕೆ ಸರಿಸಿ, ಇಬ್ಬರು ರಕ್ಷಕರ ನಡುವೆ ಮೂರನೆಯವನನ್ನಾಗಿ ನಿಲ್ಲಿಸಿದರು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಇಡೀ ಆಟವೇ ಕುಂಠಿತವಾದಾಗ ನಿಯಮ ಬದಲಾಯಿತು. ಒಂದು ತಂಡ ಸೋತಾಗ ಆ ತಂಡವೇ ನಿಲ್ಲುವ ಜಾಗವನ್ನು ಬದಲಿಸಿತು.

ವೀಡಿಯೊ ಆಟದಲ್ಲಿಯೂ ಪ್ರಶ್ನೆ ನಿಲ್ಲುವ ಜಾಗದ್ದೇ. ಹನ್ನೊಂದು ಮಂದಿಯಲ್ಲಿ ಒಮ್ಮೆಗೆ ಒಬ್ಬನು ಮಾತ್ರ ನಮ್ಮ ಕೈಯಲ್ಲಿರುತ್ತಾನೆ. ಉಳಿದ ಹತ್ತು ಮಂದಿಯನ್ನು ಗಣಕವು ನಡೆಸುತ್ತದೆ. ನಮ್ಮವನನ್ನು ಚೆಂಡಿನ ಕಡೆಗೆ ಓಡಿಸಿದೊಡನೆ ಅವನು ಬಿಟ್ಟುಹೋದ ಜಾಗ ತೆರವಾಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ರಕ್ಷಕನು ತಾನಾಗಿಯೇ ನುಗ್ಗಿ ಚೆಂಡನ್ನು ಕಸಿಯಲು ಯತ್ನಿಸುತ್ತಿದ್ದನು. 2011ರಲ್ಲಿ ಬಂದ ‘ಫಿಫಾ 12’ ಆವೃತ್ತಿಯು ‘ಟ್ಯಾಕ್ಟಿಕಲ್ ಡಿಫೆಂಡಿಂಗ್’ ಎಂಬ ಕ್ರಮವನ್ನು ತಂದಿತು. ಅಂದಿನಿಂದ ಆ ಗುಂಡಿಯು ಎದುರಾಳಿಯಿಂದ ಅಂತರ ಕಾಯ್ದುಕೊಂಡು ಹಿಂಬಾಲಿಸುತ್ತದೆ. ಕಸಿಯುವ ಗಳಿಗೆಯನ್ನು ಆಡುವವನೇ ಆರಿಸಬೇಕು. ನಮ್ಮ ಸೋತ ವಿದ್ಯಾರ್ಥಿಯು ಇಂದಿಗೂ ಹಳೆಯ ಅಭ್ಯಾಸದಂತೆ ಗುಂಡಿ ಒತ್ತಿ ಚೆಂಡಿನ ಬೆನ್ನು ಹತ್ತುತ್ತಿದ್ದನು. ಅವನು ದೂರಿದ ಮೂರು ದಾಳಿಗಳೂ ಈ ಒಂದು ದೋಷವನ್ನೇ ಆಶ್ರಯಿಸಿವೆ.

ಮೊದಲನೆಯದು, ರಕ್ಷಕರ ತಲೆಯ ಮೇಲಿಂದ ವೇಗದ ಮುಂಚೂಣಿ ಆಟಗಾರನಿಗೆ ಎಸೆಯುವ ಥ್ರೂ ಬಾಲ್. ರಕ್ಷಣಾ ಸಾಲು ಮೈದಾನದ ನಡುವಿನವರೆಗೂ ಏರಿದ್ದರೆ ಅದರ ಹಿಂದೆ ವಿಶಾಲವಾದ ಬಯಲು ಉಳಿಯುತ್ತದೆ. ಮಧ್ಯದ ರಕ್ಷಕನನ್ನು ನಾವೇ ಮುಂದಕ್ಕೆ ಎಳೆದರೆ ಆ ಬಯಲಿಗೆ ಬಾಗಿಲು ತೆರೆದಂತೆ. ಆದುದರಿಂದ ತಂಡದ ತಂತ್ರಗಳ ಪುಟದಲ್ಲಿ ಸಾಲನ್ನು ತುಸು ಕೆಳಗಿರಿಸಬೇಕು. ಪಾಸ್ ಕೊಡುವವನ ಮೇಲೆ ಮಿಡ್‌ಫೀಲ್ಡರನಿಂದ ಒತ್ತಡ ತರಬೇಕು. ಆತನು ಒತ್ತಡವಿಲ್ಲದೆ ನಮ್ಮ ಗೋಲಿನ ಕಡೆಗೆ ಮುಖಮಾಡಿ ನಿಂತನೆಂದರೆ, ಚೆಂಡು ಹೊರಡುವ ಮೊದಲೇ ಮಧ್ಯದ ರಕ್ಷಕನನ್ನು ಆರಿಸಿಕೊಂಡು ಹಿಂದಕ್ಕೆ ಓಡಿಸಬೇಕು. ಚೆಂಡು ಹೊರಟ ಮೇಲೆ ಓಡುವವನು ವೇಗದವನನ್ನು ಹಿಡಿಯಲಾರನು.

ಎರಡನೆಯದು ಕಟ್‌ಬ್ಯಾಕ್. ಬದಿಯ ಆಟಗಾರನು ಅಂಚಿನಲ್ಲಿ ಓಡಿ, ಗೋಲಿನ ಗೆರೆಯ ಹತ್ತಿರದಿಂದ ಚೆಂಡನ್ನು ಹಿಂದಕ್ಕೆ, ಪೆನಾಲ್ಟಿ ಬಿಂದುವಿನ ಬಳಿಯಲ್ಲಿರುವ ಸಂಗಾತಿಗೆ ಕೊಡುತ್ತಾನೆ. ನಮ್ಮವರೆಲ್ಲ ಗೋಲಿನ ಕಡೆಗೆ ಧಾವಿಸುತ್ತಿರುವುದರಿಂದ ಅವನು ಒಂಟಿಯಾಗಿರುತ್ತಾನೆ. ಅಲ್ಲಿಂದ ಗೋಲು 11 ಮೀಟರ್ ಮಾತ್ರ. ಆ ಐದು ಗೋಲುಗಳು ಬಂದುದು ಹೀಗೆಯೇ. ಓಡುತ್ತಿರುವವನು ಗೋಲಿನ ಗೆರೆಯನ್ನು ಸಮೀಪಿಸಿದಷ್ಟೂ ಅವನು ನೇರವಾಗಿ ಹೊಡೆಯುವ ಕೋನ ಕಿರಿದಾಗುತ್ತದೆ; ಅದನ್ನು ಗೋಲ್‌ಕೀಪರನೇ ಬಹುಮಟ್ಟಿಗೆ ಮುಚ್ಚುತ್ತಾನೆ. ಆದುದರಿಂದ ಅವನನ್ನು ಗಣಕದ ರಕ್ಷಕನಿಗೆ ಬಿಟ್ಟು, ನೀವು ಮಿಡ್‌ಫೀಲ್ಡರನೊಬ್ಬನನ್ನು ಆರಿಸಿಕೊಂಡು ಪೆನಾಲ್ಟಿ ಬಿಂದುವಿನ ಹಾದಿಗೆ ಅಡ್ಡವಾಗಿ ನಿಲ್ಲಬೇಕು. ಚೆಂಡು ಇರುವ ಜಾಗವನ್ನು ಬಿಟ್ಟು ಚೆಂಡು ಬರಲಿರುವ ಜಾಗವನ್ನು ಕಾಯುವುದು ಮನಸ್ಸಿಗೆ ಕಷ್ಟ. ಆದರೆ ಫಲ ಇರುವುದು ಅಲ್ಲಿಯೇ.

ಮೂರನೆಯದು, ಬದಿಯಿಂದ ಒಳಕ್ಕೆ ತಿರುಗಿ ಪೆನಾಲ್ಟಿ ಬಾಕ್ಸಿನ ಅಂಚಿನಿಂದ ದೂರದ ಮೂಲೆಗೆ ಚೆಂಡನ್ನು ಬಾಗಿಸಿ ಹೊಡೆಯುವ ಫಿನೆಸ್ ಶಾಟ್. ಇಲ್ಲಿ ಒಳದಾರಿಯನ್ನು ಮುಚ್ಚಿ, ಎದುರಾಳಿಯನ್ನು ಅಂಚಿನ ಕಡೆಗೆ ಹೋಗಗೊಡುವುದೇ ಉಪಾಯ. ಇದಕ್ಕೆ ‘ಜಾಕಿ’ ಎಂಬ ನಿಲುವು ಬೇಕು. ಪ್ಲೇಸ್ಟೇಷನ್ನಿನಲ್ಲಿ ಎಲ್2 ಗುಂಡಿ ಹಿಡಿದರೆ ರಕ್ಷಕನು ಎದುರಾಳಿಗೆ ಮುಖಮಾಡಿ ಅಡ್ಡಹೆಜ್ಜೆ ಇಡುತ್ತಾನೆ. ಜೊತೆಗೆ ಆರ್2 ಒತ್ತಿದರೆ ಅದೇ ನಿಲುವಿನಲ್ಲಿ ವೇಗವಾಗಿ ಚಲಿಸುತ್ತಾನೆ. ಚೆಂಡು ಎದುರಾಳಿಯ ಕಾಲಿನಿಂದ ತುಸು ದೂರ ಸರಿದ ಗಳಿಗೆಯಲ್ಲಿ ಮಾತ್ರ ಕಸಿಯಬೇಕು. ನಾನು ಓದಿದ ಮರಾಠಿ ಶಾಲೆಯ ಅಂಗಳದಲ್ಲಿ ಕಬಡ್ಡಿಯ ದಾಳಿಗೆ ಚಢಾಯಿ, ಹಿಡಿತಕ್ಕೆ ಪಕಡ ಎನ್ನುತ್ತಿದ್ದೆವು. ಪಕಡಕ್ಕೆ ಅವಸರಪಟ್ಟವನು ಮೊದಲು ಔಟಾಗುತ್ತಿದ್ದನು. ದಾಳಿಗಾರನ ಹೆಜ್ಜೆ ನೋಡುತ್ತ ಹಿಂದೆ ಸರಿದವನು ಅವನನ್ನು ಹಿಡಿಯುತ್ತಿದ್ದನು. ಇಲ್ಲಿಯೂ ಹಾಗೆಯೇ.

ಇನ್ನೆರಡು ಎಚ್ಚರಿಕೆಗಳಿವೆ. ಆರ್1 ಹಿಡಿದರೆ ಗಣಕದ ಎರಡನೆಯ ಆಟಗಾರನೂ ಚೆಂಡಿನವನ ಮೇಲೆ ಒತ್ತಡ ಹೇರುತ್ತಾನೆ. ಇದನ್ನು ಬಿಡದೆ ಬಳಸಿದರೆ ಅವನ ಜಾಗವೂ ತೆರವಾಗಿ, ಒಂದು ತೂತು ಎರಡಾಗುತ್ತದೆ. ಎಲ್1 ಗುಂಡಿಯು ಸಾಮಾನ್ಯವಾಗಿ ಚೆಂಡಿಗೆ ಹತ್ತಿರದವನನ್ನು ಕೊಡುತ್ತದೆ. ನಮಗೆ ಬೇಕಾದವನು ಅನೇಕ ವೇಳೆ ದೂರದಲ್ಲಿರುತ್ತಾನೆ. ಆದುದರಿಂದ ಬಲಗೈಯ ಕಡ್ಡಿಯಿಂದ ಆಟಗಾರನನ್ನು ದಿಕ್ಕು ನೋಡಿ ಆರಿಸುವುದನ್ನು ರೂಢಿಸಿಕೊಳ್ಳಿರಿ. ಇದೊಂದು ಬಂದರೆ ಮೇಲಿನ ಮೂರೂ ಉಪಾಯಗಳು ಸುಲಭವಾಗುತ್ತವೆ.

ತಪ್ಪು ಯಾವಾಗಲೂ ಸೋತವನದೇ ಎಂದು ನಾನು ಹೇಳುತ್ತಿಲ್ಲ. ಕೆಲವೊಮ್ಮೆ ಆಟದ ರಚನೆಯೇ ಒಂದು ಹೊಡೆತಕ್ಕೆ ಅತಿಯಾದ ಬಲ ಕೊಟ್ಟಿರುತ್ತದೆ. ತಯಾರಕರು ಅಪ್‌ಡೇಟ್‌ಗಳ ಮೂಲಕ ಅದನ್ನು ತಿದ್ದುವುದೂ ಉಂಟು. ಆದರೆ ಕಟ್‌ಬ್ಯಾಕ್ ಅಂತಹ ದೋಷವಲ್ಲ. ಅದು ನಿಜವಾದ ಮೈದಾನದಲ್ಲಿಯೂ ಇರುವ ದಾಳಿ. ಅದನ್ನು ನಿಷೇಧಿಸಿದರೆ ನಾಳೆ ಇನ್ನೊಂದು ದಾಳಿಯ ಮೇಲೆ ದೂರು ಬರುತ್ತದೆ. ಆದಕಾರಣ ನಾನು ನಿಯಮ ಮಾಡಲಿಲ್ಲ. ಸೋತವನಿಗೆ ಮೇಲಿನ ಕ್ರಮವನ್ನು ತಿಳಿಸಿ, ಗೆದ್ದವನಿಗೆ ಹದಿನೈದು ದಿನ ಅವನೊಡನೆ ಅದೇ ದಾಳಿಯನ್ನು ಆಡುವಂತೆ ಹೇಳಿದೆನು. ಮೊದಲೆರಡು ದಿನ ಇಬ್ಬರೂ ಮುಖ ಬಿಗಿದುಕೊಂಡೇ ಆಡಿದರು.

ಕಳೆದ ವಾರ ಅವರ ಪಂದ್ಯವನ್ನು ಮತ್ತೆ ನೋಡಿದೆನು. ಸೋತವನು ಮತ್ತೆ ಸೋತನು, ಆದರೆ 2–1ರಿಂದ. ಆ ಎರಡರಲ್ಲಿ ಹಳೆಯ ನಮೂನೆಯ ಗೋಲು ಒಂದೇ. ಇನ್ನೊಂದಕ್ಕಾಗಿ ಗೆದ್ದವನು ಹೊಸ ದಾರಿಯನ್ನು ಹುಡುಕಬೇಕಾಯಿತು. ಪಂದ್ಯ ಮುಗಿದ ಮೇಲೆ ಸೋತವನು ಕೇಳಿದ್ದು ನನ್ನನ್ನಲ್ಲ, ಅವನನ್ನು: “ಅದನ್ನ ಹೆಂಗ ಹೊಡದಿಯೋ? ತೋರ್ಸು.”