ಪುಟ್ಟ ಕಾರು, ದಿಟ್ಟ ಗುಣ

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನೌಕರಿಗಿರುವ ನನ್ನ ಸೋದರಳಿಯ ಒಂದು ರವಿವಾರ ಪುಣೆಗೆ ಫೋನ್ ಮಾಡಿದ. "ಮಾಮಾ, ಎರಡು ಹಳೇ ಗಾಡಿ ನೋಡೇನಿ. ಒಂದು ಮೊದಲನೇ ತಲಿಮಾರಿನ ಗಾಲ್ಫ್ ಜಿಟಿಐ, ಇನ್ನೊಂದು ಪ್ಯೂಜೋ 205 ಜಿಟಿಐ. ತೂಕ, ಉದ್ದ ಎಲ್ಲಾ ಹೆಚ್ಚು ಕಡಿಮಿ ಒಂದ. ಯಾವ್ದು ತಗೋಳ್ಲಿ?" ಮರುದಿನವೇ ಧಾರವಾಡದಿಂದ ಅಕ್ಕನ ಫೋನು. "ತಮ್ಮಾ, ಅಂವಾ ನಿನ್ನ ಮಾತು ಒಂದ ಕೇಳ್ತಾನ. ನನ್ನ ಮಗಾ ಸುಖರೂಪ ಮನಿಗೆ ಬರೋ ಗಾಡಿ ಹೇಳು."

ವಾಹನ ಕಾರ್ಖಾನೆಯೊಂದರ ಸಸ್ಪೆನ್ಶನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಆದರೂ ಈ ಎರಡು ಫೋನುಗಳ ನಡುವೆ ಉತ್ತರಕ್ಕೆ ತಡವರಿಸಿದೆ. ಇಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳು "ಸಣ್ಣದಾದರೂ ಜೋರಾಗಿ ಓಡುವ ಕಾರು ಬೇಕು" ಎನ್ನುತ್ತಿದ್ದಾರೆ. ಹಾಗಾಗಿ ಅಳಿಯನಿಗೆ ಹೇಳಿದ್ದನ್ನೇ ಓದುಗ ಬಂಧುಗಳ ಮುಂದೆಯೂ ಇಡುತ್ತಿದ್ದೇನೆ.

ಹಿಂಬಾಗಿಲು ಮೇಲಕ್ಕೆ ತೆರೆಯುವ ಸಂಸಾರವಂದಿಗರ ಪುಟ್ಟ ಕಾರು ಹ್ಯಾಚ್‌ಬ್ಯಾಕ್. ಅದಕ್ಕೇ ಹೆಚ್ಚು ಬಲದ ಎಂಜಿನ್ ಕೂಡಿಸಿ, ಸ್ಪ್ರಿಂಗು ಬಿಗಿಮಾಡಿ, ಅಗಲ ಟೈರು ಹಾಕಿದರೆ 'ಹಾಟ್ ಹ್ಯಾಚ್'. ವಾರವೆಲ್ಲ ಆಫೀಸು, ಸಂತೆ. ರವಿವಾರ ಘಾಟಿನ ರಸ್ತೆ. ಒಂದೇ ಗಾಡಿ ಎರಡಕ್ಕೂ ಸೈ.

ಈ ಜಾತಿಗೆ ಹೆಸರು ತಂದದ್ದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡು 1976ರಲ್ಲಿ ಮಾರಾಟಕ್ಕೆ ಬಂತು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 810 ಕಿಲೋ. ಕಂಪನಿ ಮೊದಲು ತಯಾರಿಸಲು ಹೊರಟದ್ದು 5,000 ಗಾಡಿ ಮಾತ್ರ. ಆ ಮೊದಲ ತಲೆಮಾರೊಂದೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು! ಎಂಟು ವರ್ಷದ ನಂತರ, 1984ರಲ್ಲಿ ಫ್ರಾನ್ಸಿನ ಪ್ಯೂಜೋ ತನ್ನ 205 ಜಿಟಿಐ ತಂದಿತು. ಮೊದಲು 1.6 ಲೀಟರ್, 105 ಅಶ್ವಶಕ್ತಿ; ಬಳಿಕ 1.9 ಲೀಟರ್, 130 ಅಶ್ವಶಕ್ತಿ. ತೂಕ 900 ಕಿಲೋದೊಳಗೆ.

ಅಳಿಯ ಹೇಳಿದ್ದು ಸುಳ್ಳಲ್ಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ಗಾಲ್ಫಿನಲ್ಲಿ 2,400 ಮಿಲಿಮೀಟರ್, 205ರಲ್ಲಿ 2,420. ಎರಡರಲ್ಲೂ ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನೇ. ಆದರೂ ಸ್ವಭಾವದಲ್ಲಿ ಅಣ್ಣನಿಗೂ ತಮ್ಮನಿಗೂ ಇರುವಷ್ಟು ಅಂತರ. ಅದು ತಿಳಿಯುವುದು ನೇರ ರಸ್ತೆಯಲ್ಲಲ್ಲ, ತಿರುವಿನಲ್ಲಿ.

ಸಿಟಿ ಬಸ್ಸಿನಲ್ಲಿ ನಿಂತು ಪ್ರಯಾಣಿಸಿದವರಿಗೆಲ್ಲ ಇದರ ಮರ್ಮ ಗೊತ್ತು. ಡ್ರೈವರ್ ವೇಗ ಹೆಚ್ಚಿಸಿದರೆ ನಾವು ಹಿಂದಕ್ಕೆ ವಾಲುತ್ತೇವೆ, ಕಡಿಮೆ ಮಾಡಿದರೆ ಮುಂದಕ್ಕೆ. ಗಾಡಿಯ ಭಾರವೂ ಹಾಗೆಯೇ. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ. ಹಿಂದಿನ ಗಾಲಿಗಳು ಹಗುರಾಗಿ, ನೆಲದ ಹಿಡಿತ ಬಿಟ್ಟು ಹೊರಕ್ಕೆ ಜಾರುತ್ತವೆ.

ಹಳೆಯ ಗಾಲ್ಫ್ ಇದನ್ನು ಸಾಕಷ್ಟು ಕ್ಷಮಿಸುತ್ತದೆ. ತಿರುವಿನಲ್ಲಿ ಒಳಬದಿಯ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ, ಮೂರೇ ಗಾಲಿಯ ಮೇಲೆ ಓಡುವುದು ಅದರ ಪ್ರಸಿದ್ಧ ಭಂಗಿ. ನೋಡುವವರಿಗೆ ಎದೆ ಝಲ್ ಎನ್ನುತ್ತದೆ. ಒಳಗೆ ಕುಳಿತವನಿಗೆ ಮಾತ್ರ "ಇನ್ನು ಸಾಕು" ಎಂಬ ಸೌಮ್ಯ ಎಚ್ಚರಿಕೆ. 205 ಚುರುಕು ಕುದುರೆ. ಸ್ಟೇರಿಂಗ್ ತುಸು ತಿರುಗಿಸಿದರೂ ಮೂತಿ ಥಟ್ಟನೆ ಒಳಕ್ಕೆ ತಿರುಗುತ್ತದೆ. ಬಲ್ಲವನು ಕಾಲನ್ನು ತುಸುವೇ ಸಡಿಲಿಸಿ ಹಿಂಬದಿಯನ್ನು ಬೇಕಾದಷ್ಟೇ ತಿರುಗಿಸಿಕೊಂಡು ಆನಂದಿಸುತ್ತಾನೆ. ಹೆದರಿ ಪೂರ್ತಿ ಕಾಲು ಕಿತ್ತವನಿಗೆ, ಅದರಲ್ಲೂ 1.9ರಲ್ಲಿ, ಗಾಡಿ ಬೆನ್ನು ತೋರಿಸಿಬಿಡುತ್ತದೆ.

ಇಂಥದ್ದನ್ನು ನಾನೇ ಉಂಡಿದ್ದೇನೆ. ಹಲವು ವರ್ಷಗಳ ಹಿಂದೆ ಊರಿಗೆ ಹೊರಟು ಖಂಬಾಟ್ಕಿ ಘಾಟ್ ಇಳಿಯುತ್ತಿದ್ದೆ. ಸಣ್ಣ ಕಾರು, ಸವೆದ ಟೈರು, ಮಳೆ. ತಿರುವಿನಲ್ಲಿ ಎದುರಿಗೆ ಲಾರಿ ಕಂಡು ಕಾಲು ಕಿತ್ತೆ. ಹಿಂಬದಿ ಜಾರಿ ಗಾಡಿ ಅರ್ಧ ಸುತ್ತು ತಿರುಗಿ ಬಂಡೆಯ ಕಡೆಗೆ ನಿಂತಿತು. ಇನ್ನೊಂದು ಕಡೆ ಕಣಿವೆ. ಹಿಂದಿನ ಸೀಟಿನಲ್ಲಿ ಇದೇ ಅಳಿಯ, ಆಗ ಆರು ವರ್ಷದವನು, ಅಕ್ಕನ ತೊಡೆಯ ಮೇಲೆ ಮಲಗಿದ್ದ. ಅಕ್ಕನ ಫೋನಿನ ಹಿಂದೆ ಇದ್ದದ್ದು ಆ ದಿನ.

ಒಂದೊಂದು ಗಾಡಿಗೂ ಒಂದೊಂದು ಗುಣ. 1985ರ ರೆನೊ 5 ಜಿಟಿ ಟರ್ಬೊ ತುಳಿದೊಡನೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ನುಗ್ಗುತ್ತಿತ್ತು. ಜಪಾನಿನ ಹೋಂಡಾ ಸಿವಿಕ್ ಟೈಪ್ ಆರ್ (1997) 1.6 ಲೀಟರಿನಲ್ಲೇ 185 ಅಶ್ವಶಕ್ತಿ ಹೊರಡಿಸಿತು. ಬಲ ವ್ಯರ್ಥವಾಗಿ ಒಳಗಾಲಿ ಸುಮ್ಮನೆ ಸುತ್ತದಂತೆ ತಡೆಯುವ ವಿಶೇಷ ಡಿಫರೆನ್ಷಿಯಲ್ ಅದಕ್ಕಿತ್ತು. ನಮ್ಮಲ್ಲಿ 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6ಕ್ಕೆ 100 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಹೆಚ್ಚಾದ್ದರಿಂದ ಪೆಟ್ರೋಲು ಕುಡಿಯಿತು ನಿಜ, ಆದರೆ ಹೆದ್ದಾರಿಯಲ್ಲಿ ನೆಲ ಕಚ್ಚಿ ಓಡುವ ಅದರ ನಡೆಯನ್ನು ಹಳೆಯ ಮಾಲಕರು ಇಂದಿಗೂ ಹೊಗಳುತ್ತಾರೆ. 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐಗೆ 265 ಅಶ್ವಶಕ್ತಿ, ಆದರೆ ತೂಕ 1,400 ಕಿಲೋ ದಾಟಿದೆ.

ಇಂದಿನ ಗಾಡಿ ಜಾರತೊಡಗಿದರೆ ಒಳಗಿನ ಇಲೆಕ್ಟ್ರಾನಿಕ್ ವ್ಯವಸ್ಥೆ ತಾನೇ ಬೇಕಾದ ಗಾಲಿಗೆ ಬ್ರೇಕು ಹಾಕಿ ಸರಿದಾರಿಗೆ ತರುತ್ತದೆ. ಯುರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಅಳಿಯ ನೋಡಿದ ಎರಡರಲ್ಲೂ ಅದಿಲ್ಲ. ಅಲ್ಲಿ ಕಾಯುವುದು ಚಾಲಕನ ಕಾಲು ಮತ್ತು ತಲೆ ಮಾತ್ರ.

ಆದ್ದರಿಂದ ಅಳಿಯನಿಗೆ ಹೇಳಿದೆ: "ಕಲಿಯೂದಿದ್ರ ಗಾಲ್ಫ್, ಕಲಿತಿದ್ರ 205. ಮೊದಲ ನೀ ಎಷ್ಟು ಕಲಿತೀ ನೋಡ್ಕೋ." ನಮ್ಮ ಮಕ್ಕಳಿಗೂ ನನ್ನ ಮಾತು ಇದೇ. ಅಶ್ವಶಕ್ತಿ ಕೇಳುವ ಮುಂಚೆ ಟೈರು ನೋಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ. ತಿರುವಿನೊಳಗೆ ಗಾಬರಿಯಿಂದ ಕಾಲು ಕೀಳಬೇಡಿ.

ಅಳಿಯ ಎರಡು ದಿನ ರಜೆ ಹಾಕಿ, ನೀರು ಹರಿಸಿ ಜಾರುವಂತೆ ಮಾಡಿದ ತರಬೇತಿ ಮೈದಾನದಲ್ಲಿ ಗಾಡಿ ಜಾರಿಸಿ, ತಿದ್ದಿ ಕಲಿತ. ಆಮೇಲೆ ಫೋನ್ ಬಂತು: "ಮಾಮಾ, ಹನ್ನೊಂದು ಸಲ ಗಿರಕಿ ಹೊಡದೆ. ಗಾಲ್ಫ್ ತಗೊಂಡೇನಿ."

ಅಕ್ಕನಿಗೆ ಎರಡನೆಯ ವಾಕ್ಯವನ್ನಷ್ಟೇ ತಿಳಿಸಿದ್ದೇನೆ.